ಹೊಳೆಯ ತವರಿನಲ್ಲೊಂದು ಪೇಟೆ

ಮಿರಗ ಹೊಕ್ಕು ಎರಡು ವಾರ ಕಳೆಯಿತೆಂದರೆ ಯಡೂರು, ಅಂಕಲಿ, ಕುಡಚಿ, ಉಗಾರ, ಐನಾಪುರದ ದಂಡೆಯಲ್ಲಿ ಬೆಳಗಾಗುವುದೇ ಒಂದು ಮಾತಿನಿಂದ: “ಹೊಳಿ ಬಂತೇನು?” ಈ ಸೀಮೆಯಲ್ಲಿ ಕೃಷ್ಣೆಯನ್ನು ಹೆಸರು ಹಿಡಿದು ಕರೆಯುವುದು ಪೂಜೆಯ ಹೊತ್ತಿಗೆ ಮಾತ್ರ, ಉಳಿದಂತೆ ಹೊಳೆ ಎಂದರೆ ಅವಳೇ. ಅಥಣಿಯ ಎರೆಹೊಲಗಳಲ್ಲಿ ಆಗ ಇನ್ನೂ ಹದವಾದ ಮಳೆ ಬಿದ್ದಿರುವುದಿಲ್ಲ. ಕಾಗವಾಡದ ಮೇಲೆ ಬರಿಯ ಮೋಡಗಳು ಹಾದು ಹೋಗುತ್ತಿರುತ್ತವೆ. ಆದರೂ ನಿನ್ನೆಯವರೆಗೆ ತಿಳಿಯಾಗಿದ್ದ ನೀರು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಾಗಿ, ನೊರೆಗಟ್ಟಿ, ಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗತೊಡಗುತ್ತದೆ. ಹಿರಿಯರು ವಾಯವ್ಯದ ಕಡೆ ಮುಖ ಮಾಡಿ, “ಮಾಬಳೇಶ್ವರದಾಗ ಹಿಡದೈತಿ” ಅನ್ನುತ್ತಾರೆ. ಆ ಮಹಾಬಳೇಶ್ವರದ ಬೆಟ್ಟವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕೆಲವರು. ಅದರ ಮಳೆಯನ್ನು ಉಂಡವರು ಎಲ್ಲರೂ.

ಸಮುದ್ರದಿಂದ 4,500 ಅಡಿ ಎತ್ತರದ ಆ ಬೆಟ್ಟದ ಮೇಲೆ 1828–29ರಲ್ಲಿ ಒಂದು ಪೇಟೆ ಎದ್ದಿತು. ಅಲ್ಲಿ ಬಿತ್ತುವ ಬಯಲಿರಲಿಲ್ಲ, ಹಾಯ್ದು ಹೋಗುವ ಹೆದ್ದಾರಿ ಇರಲಿಲ್ಲ, ಬಂದರವಂತೂ ದೂರದ ಮಾತು. ಹವೆಯೊಂದೇ ಅದರ ಬಂಡವಾಳ. ಅಂಥ ಪೇಟೆಯನ್ನು ಯಾರು ಕೂರಿಸಿದರು, ಅದರ ಹೊಟ್ಟೆ ಹೇಗೆ ತುಂಬಿತು, ಅದನ್ನು ನಡೆಸುವ ಭಾರ ಯಾರ ಹೆಗಲಿಗೆ ಬಿತ್ತು ಎಂಬುದನ್ನು ಹೊಳೆಯ ಕೆಳದಂಡೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಪೇಟೆ ಕಟ್ಟುವ ವಿದ್ಯೆ ನಮ್ಮ ಈ ಸೀಮೆಯ ಊರುಗಳಿಗೆ ಮನೆಯ ವಿದ್ಯೆ.

ಈ ಸೀಮೆಯನ್ನಾಳಿದ ರಟ್ಟರ ಕಾರ್ತವೀರ್ಯನ ಕಾಲದಲ್ಲಿ, 13ನೇ ಶತಮಾನದ ಮೊದಲ ವರ್ಷಗಳಲ್ಲಿ, ವೇಣುಗ್ರಾಮದ, ಅಂದರೆ ಇಂದಿನ ಬೆಳಗಾವಿಯ, ವರ್ತಕರು ಒಟ್ಟಿಗೆ ಕೂತು ತಾವು ಮಾರುವ ಸರಕಿನ ಮೇಲೆ ಬಸದಿಗೆಂದು ಸುಂಕ ಬಿಟ್ಟುಕೊಟ್ಟದ್ದನ್ನು ಕಲ್ಲಿನ ಮೇಲೆ ಬರೆಸಿದರು. ಯಾವ ಹೇರಿಗೆ ಎಷ್ಟು ಎಂಬುದನ್ನು ನಿಗದಿ ಮಾಡಿದವರು ವರ್ತಕರೇ. ಅರಸನು ಅದಕ್ಕೆ ಒಪ್ಪಿಗೆಯ ನೆರಳಾಗಿ ನಿಂತನು. ಇಂದಿಗೂ ಈ ಭಾಗದ ಮನೆತನಗಳಿಗೆ ಪಟ್ಟಣಶೆಟ್ಟಿ ಎಂಬ ಅಡ್ಡಹೆಸರು ಉಳಿದಿದೆ. ಪೇಟೆಯ ಯಜಮಾನಿಕೆ ಯಾರ ಕೈಯಲ್ಲಿತ್ತೆಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಾಗಿಲ್ಲ. ಆದಿಲಶಾಹಿಯ ದಿನಗಳಲ್ಲಿ ರಾಯಬಾಗದ ಮೆಣಸಿನ ವ್ಯಾಪಾರ ಕಡಲಾಚೆಯ ವರ್ತಕರಿಗೂ ತಿಳಿದಿತ್ತು. ಜರ್ಮನ್ ಯಾತ್ರಿಕ ಮ್ಯಾಂಡೆಲ್ಸ್ಲೋ 1639ರ ಸುಮಾರಿಗೆ ಅಥಣಿಯನ್ನು ವಿಜಯಪುರಕ್ಕೂ ಗೋವೆಗೂ ನಡುವಿನ ದೊಡ್ಡ ಪೇಟೆಯೆಂದು ಎಣಿಸಿದನು. ಬಳಿಕ ಮರಾಠರ ಆಳ್ವಿಕೆಯಲ್ಲಿ ಹೊಸ ಪೇಟೆ ಕೂರಿಸುವುದಕ್ಕೆ ಗೊತ್ತಾದ ಒಂದು ಕ್ರಮವೇ ಇತ್ತು. ಸರಕಾರದಿಂದ ಕೌಲು ಹೊರಡುತ್ತಿತ್ತು: ಬಂದು ಅಂಗಡಿ ಹಾಕಿರಿ, ಇಷ್ಟು ವರ್ಷ ಜಕಾತಿ ಇಲ್ಲ, ಮೊಹತರ್ಫಾ ಎಂಬ ಕಸುಬಿನ ತೆರಿಗೆ ಇಲ್ಲ, ನಿಮ್ಮ ಮಾಲಿಗೆ ನಾವು ಕಾವಲು. ಆಮೇಲೆ ಶೇಟೆ, ಮಹಾಜನ ಎಂಬ ಹುದ್ದೆಗಳು ಬರುತ್ತಿದ್ದವು. ತೂಕ, ಅಳತೆ, ಜಗಳ, ಸಾಲ ಎಲ್ಲವೂ ಅವರ ಮುಂದೆ ತೀರುತ್ತಿದ್ದವು. ಮಾತು ಕೊಟ್ಟವನು ಮಾತು ಉಳಿಸಿಕೊಂಡರೆ ಪೇಟೆ ಬೆಳೆಯುತ್ತಿತ್ತು, ಇಲ್ಲವಾದರೆ ವರ್ತಕರು ಎತ್ತುಗಳ ಮೇಲೆ ಗೋಣಿ ಹೇರಿಕೊಂಡು ಮುಂದಿನ ಊರಿಗೆ ನಡೆಯುತ್ತಿದ್ದರು.

ಬೆಟ್ಟದ ಹಳೆಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಕೃಷ್ಣೆ ಹುಟ್ಟುವ ಒರತೆಯ ಬಳಿ ಗುಡಿಯನ್ನೂ ಕುಂಡವನ್ನೂ ಕಟ್ಟಿಸಿದವನು ದೇವಗಿರಿಯ ಯಾದವ ಸಿಂಘಣನೆಂದು ಪ್ರತೀತಿ, ವರ್ಷ 1215. ಅದೇ ಸಿಂಘಣನ ಸೇನಾಪತಿ ಬೀಚಣನು ಕೆಲವು ವರ್ಷಗಳ ಮೇಲೆ ನಮ್ಮ ರಟ್ಟರ ಸಿಂಹಾಸನವನ್ನು ಉರುಳಿಸಿದನು. ತವರಿನಲ್ಲಿ ಹೊಳೆಗೆ ಗುಡಿ ಕಟ್ಟಿಸಿದ ಕೈಯೇ ಕೆಳದಂಡೆಯ ರಾಜ್ಯವನ್ನು ಮುಗಿಸಿತು. ಮುಂದೆ ಆ ಕಾಡು ಜಾವಳಿಯ ಮೋರೆ ಮನೆತನದ ಕೈಗೆ ಬಂದಿತು. 1656ರಲ್ಲಿ ಶಿವಾಜಿ ಮಹಾರಾಜರು ಜಾವಳಿಯನ್ನು ಗೆದ್ದು ಪ್ರತಾಪಗಡ ಕಟ್ಟಿಸಿದರು. ವಿಜಯಪುರದಿಂದ ದೊಡ್ಡ ದಂಡು ಕಟ್ಟಿಕೊಂಡು ಹೊರಟ ಅಫಜಲಖಾನನು 1659ರ ನವೆಂಬರಿನಲ್ಲಿ ಆ ಗಡದ ಬುಡದಲ್ಲೇ ಬಿದ್ದನು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಬೆಟ್ಟದ ಮೇಲೆ ಗುರವರ ಪೂಜೆ, ಕೋಳಿ ಜನಾಂಗದವರ ಕೆಲವು ಗುಡಿಸಲು, ಧನಗರರ ದನ, ಕಬ್ಬಿಣದ ಕಲ್ಲು ಕರಗಿಸುವ ಧಾವಡರ ಕುಲುಮೆ, ಜೇನು, ಮಂಜು. ಗುರುವು ಕನ್ಯಾರಾಶಿಗೆ ಬಂದಾಗ, ಹನ್ನೆರಡು ವರ್ಷಕ್ಕೊಮ್ಮೆ, ಗಂಗೆಯೇ ಕೃಷ್ಣೆಯನ್ನು ಕಾಣಲು ಬರುತ್ತಾಳೆಂಬ ನಂಬಿಕೆಯಿಂದ ಯಾತ್ರಿಕರು ಏರಿ ಬರುತ್ತಿದ್ದರು. ಬೆಟ್ಟದ ಮೊದಲ ಅತಿಥಿಗಳು ಅವರೇ.

1818ರಲ್ಲಿ ಪೇಶ್ವಾಯಿ ಮುಳುಗಿತು. ಪೇಶ್ವೆಯ ಕಾವಲಿನಲ್ಲಿ ಹೆಸರಿಗಷ್ಟೇ ಛತ್ರಪತಿಯಾಗಿದ್ದ ಪ್ರತಾಪಸಿಂಹನನ್ನು ಇಂಗ್ಲಿಷರು ಸಾತಾರೆಯ ಗಾದಿಯಲ್ಲಿ ಕೂರಿಸಿದರು. ಅವನಿಗೆ ರಾಜ್ಯಭಾರ ಕಲಿಸಲು ನಿಂತವನು ಮರಾಠರ ಇತಿಹಾಸ ಬರೆದ ಜೇಮ್ಸ್ ಗ್ರ್ಯಾಂಟ್ ಡಫ್. 1822ರಲ್ಲಿ ಪೂರ್ಣ ಅಧಿಕಾರ ಕೈಗೆ ಬಂದಾಗ ರಾಜನು ದಾರಿ, ನೀರು, ಶಾಲೆಗಳ ಕೆಲಸಕ್ಕೆ ತೊಡಗಿದನು. ಅದೇ 1818ರ ಬಿರುಗಾಳಿ ನಮ್ಮ ಕಡೆಗೂ ಬೀಸಿತು. ಚಿಕ್ಕೋಡಿ ಮತ್ತು ಮನೋಳಿ ತಾಲೂಕುಗಳಿಗಾಗಿ ಕೊಲ್ಹಾಪುರದ ಅರಸರೂ ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ ನಿಂಬಾಳಕರನೂ ವರ್ಷಗಟ್ಟಲೆ ಕಾದಾಡಿದ್ದರು. ಪೇಶ್ವೆಯ ಮೇಲಿನ ಯುದ್ಧದಲ್ಲಿ ತಮ್ಮ ಕಡೆ ನಿಂತದ್ದಕ್ಕಾಗಿ ಇಂಗ್ಲಿಷರು ಆ ಎರಡನ್ನೂ ಕೊಲ್ಹಾಪುರಕ್ಕೆ ಕೊಟ್ಟರು. ಹತ್ತು ವರ್ಷ ತುಂಬುವ ಮೊದಲೇ, 1827ರ ಕರಾರಿನಲ್ಲಿ, ಹಿಂದಕ್ಕೆ ಕಸಿದುಕೊಂಡರು. ಚಿಕ್ಕೋಡಿಯ ರೈತನು ಒಂದು ಆಯುಷ್ಯದಲ್ಲಿ ಮೂವರು ದೊರೆಗಳಿಗೆ ಫಾಳಾ ಕಟ್ಟಿದನು. ಪೇಟೆಗೆ ಬೇಕಾದದ್ದು ನೆಲೆ ನಿಂತ ಮಾತು, ಮತ್ತು ಆ ದಿನಗಳಲ್ಲಿ ಅಪರೂಪವಾಗಿದ್ದದ್ದೂ ಅದೇ.

ನಿಪ್ಪಾಣಿ ಮಾತ್ರ ಈ ಗದ್ದಲದ ನಡುವೆಯೂ ಬೆಳೆಯಿತು. ಸಿದ್ದೋಜಿರಾವನು ಅಪ್ಪಾ ದೇಸಾಯಿ ಎಂದೇ ಹೆಸರಾದವನು. 1803ರಲ್ಲಿ ವೆಲ್ಲೆಸ್ಲಿಯ ದಂಡಿನ ಜೊತೆಗೆ ಸಿಂಧೆಯ ಮೇಲೆ ಹೋದವನು. ಪುಣೆಯಿಂದ ದಕ್ಷಿಣಕ್ಕೆ ಇಳಿಯುವ ದಾರಿ ಅವನ ಕೋಟೆಯ ಮಗ್ಗುಲಿಗೆ ಹಾಯುತ್ತಿತ್ತು. ಪಡುವಣಕ್ಕೆ ಫೋಂಡಾ ಘಾಟಿನಿಂದ ಇಳಿದರೆ ಕೊಂಕಣ. ಮೇಲಿನಿಂದ ಬೆಲ್ಲ, ತಂಬಾಕು, ಜೋಳ; ಕೆಳಗಿನಿಂದ ಉಪ್ಪು, ತೆಂಗು. ನಿಪ್ಪಾಣಿಗೆ ದಾರಿಯೇ ದೊರೆಯಾಗಿತ್ತು. ದೇಸಾಯಿ ಸೋತ ವರ್ಷವೂ ಗಾಡಿಗಳು ನಿಲ್ಲುತ್ತಿರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಬೆಟ್ಟದ ಪೇಟೆಯನ್ನು ನೋಡಬೇಕು. ಅಲ್ಲಿಗೆ ಹೋಗುವವನು ಅಲ್ಲಿಗೇ ಹೋಗಬೇಕು. ಮುಂದಿನ ಊರೆಂಬುದು ಇರಲಿಲ್ಲ.

1824ರಲ್ಲಿ ಲಾಡ್ವಿಕ್ ಎಂಬ ಸೇನಾಧಿಕಾರಿ ಬೆಟ್ಟ ಹತ್ತಿದನು. ಅಲ್ಲಿಗೆ ಏರಿದ ಮೊದಲ ಯುರೋಪಿಯನ್ನನೆಂದು ಅವನ ಹೆಸರು ಉಳಿದಿದೆ. ಸಾತಾರೆಯ ರೆಸಿಡೆಂಟನಾಗಿದ್ದ ಬ್ರಿಗ್ಸ್ ರಾಜನಿಗೆ ಅಲ್ಲಿಯವರೆಗೆ ದಾರಿ ಮಾಡಿಸಲು ಹೇಳಿದನು. ರಾಜನು ದಾರಿ ಮಾಡಿಸಿದನು. ಗವರ್ನರ್ ಸರ್ ಜಾನ್ ಮಾಲ್ಕಂ 1828ರಲ್ಲಿ ಬಂದು ನೋಡುವ ಹೊತ್ತಿಗೆ ಆ ದಾರಿ ಸಿದ್ಧವಾಗಿತ್ತೆಂಬುದನ್ನು ಹೇಳಲೇಬೇಕು, ಏಕೆಂದರೆ ಬೆಟ್ಟದ ಊರಿನ ಅರ್ಧ ಅರ್ಥವ್ಯವಸ್ಥೆ ಅದರ ದಾರಿಯಲ್ಲೇ ಇದೆ. ಮುಂಬಯಿ ಇಲಾಖೆಯ ದಂಡಿನಲ್ಲಿ ಜ್ವರಕ್ಕೆ, ಬಿಸಿಲಿಗೆ ಸಾಯುವ ಗೋರಾ ಸಿಪಾಯಿಗಳಿಗೆ ತಂಪು ಜಾಗ ಬೇಕಾಗಿತ್ತು. ಮದ್ರಾಸಿನವರಿಗೆ ನೀಲಗಿರಿ ಸಿಕ್ಕಿತ್ತು. ಅಲ್ಲಿ ನಮ್ಮ ನುಡಿಯ ಬಳಗದ ಬಡಗರ ನಡುವೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಉದಕಮಂಡಲವನ್ನು ಬೆಳೆಸುತ್ತಿದ್ದನು. ಮುಂಬಯಿಗೂ ಅಂಥದೊಂದು ಆಗಲಿ ಎಂದು ಮಾಲ್ಕಂ ಹಟ ಹಿಡಿದನು.

ಆದರೆ ನೆಲ ರಾಜನದು. 1829ರ ಮೇ 16ರ ಕರಾರಿನಂತೆ ಪ್ರತಾಪಸಿಂಹನು ಬೆಟ್ಟದ ಮೇಲಿನ ಜಾಗವನ್ನು ಕಂಪನಿಗೆ ಬಿಟ್ಟುಕೊಟ್ಟು, ಬದಲಿಗೆ ವಾಯಿ ಕಡೆಯ ಖಂಡಾಳಾ ಗ್ರಾಮವನ್ನು ಪಡೆದನು. ದಾರಿಯ ಖರ್ಚನ್ನೂ ಪಾಲು ಮಾಡಿಕೊಂಡರು: ಸಾತಾರೆಯಿಂದ ಪಾರ ಘಾಟಿನ ತಲೆಯವರೆಗೆ ರಾಜನದು, ಅಲ್ಲಿಂದ ಕೊಂಕಣದ ಮಹಾಡಕ್ಕೆ ಇಳಿಯುವುದು ಕಂಪನಿಯದು. ಅಂಗಡಿಕಾರರೂ ಕೆಲಸಗಾರರೂ ಬಂದು ನೆಲೆಸಬೇಕೆಂಬ ಜಾಹೀರುನಾಮೆ ಹೊರಟದ್ದು ರಾಜನ ಹೆಸರಿನಲ್ಲಿ. ಗವರ್ನರನ ಮಾತನ್ನು ನಂಬಿ ಕಾಡಿನ ನೆತ್ತಿಗೆ ಗೋಣಿ ಹೊತ್ತು ಬರುವ ವರ್ತಕನು ಆಗ ಯಾರಿದ್ದನು? ಛತ್ರಪತಿಯ ಮಾತಿಗೆ ಬೆಲೆ ಇತ್ತು. ಪೇಟೆಗೆ ಮಾತ್ರ ಮಾಲ್ಕಂಪೇಟೆ ಎಂಬ ಹೆಸರಾಯಿತು.

ಜನ ಬಂದರು. ಮುಂಬಯಿಯಿಂದ ಹಡಗಿನಲ್ಲಿ ಕೊಂಕಣದ ಖಾಡಿಯವರೆಗೆ, ಅಲ್ಲಿಂದ ಪಾಲಖಿಯಲ್ಲಿ ಘಾಟು ಹತ್ತಿ ಸಾಹೇಬರು ಏರಿದರು. ಅವರ ಪೆಟ್ಟಿಗೆಗಳನ್ನು ಹಮಾಲರು ಹೊತ್ತರು. ಪಾರಸಿ ಅಂಗಡಿಕಾರರು, ವಾಣಿಗಳು, ಅಗಸರು, ಕಟುಕರು, ಚಮ್ಮಾರರು ಪೇಟೆಯಲ್ಲಿ ಮನೆ ಮಾಡಿದರು. ಬೇಸಗೆಯಲ್ಲಿ ಗವರ್ನರನು ತನ್ನ ಕಚೇರಿಯನ್ನೇ ಕಟ್ಟಿಕೊಂಡು ಬರುತ್ತಿದ್ದನು. ಮಳೆ ಕಳೆದ ಮೇಲೆ ಕೆಲವು ವಾರ ಮತ್ತೊಮ್ಮೆ. ಇವೆರಡೇ ಸುಗ್ಗಿ. ಮೃಗಶಿರ ಮಳೆಗೆ ಮುನ್ನ ಊರೆಲ್ಲ ಇಳಿದು ಹೋಗಬೇಕು. ವರ್ಷಕ್ಕೆ 250 ಅಂಗುಲದ ಆಸುಪಾಸು ಸುರಿಯುವ ಮಳೆಯಲ್ಲಿ ಗೋಡೆಗಳೇ ಕರಗಿಯಾವೆಂದು ಬಂಗಲೆಗಳಿಗೆ ಹುಲ್ಲಿನ ತಡಿಕೆಗಳ ಹೊದಿಕೆ ಹೊದಿಸುತ್ತಿದ್ದರು. ಮನುಷ್ಯರಿಗೆ ಕಂಬಳಿ ಇದ್ದಂತೆ ಮನೆಗಳಿಗೆ ಹುಲ್ಲು. ಆ ನಾಲ್ಕು ತಿಂಗಳು ಪೇಟೆಯಲ್ಲಿ ಉಳಿದವನು ಸುಗ್ಗಿಯಲ್ಲಿ ಗಳಿಸಿದ್ದನ್ನು ಕೂತು ಉಣ್ಣಬೇಕು. ನಮ್ಮ ಅಥಣಿಯ ಸಾವಕಾರನಿಗೆ ಬರದ ವರ್ಷ ಯಾವಾಗ ಬಂದೀತೆಂಬ ಭಯವಿದ್ದರೆ, ಮಾಲ್ಕಂಪೇಟೆಯ ವಾಣಿಗೆ ಪ್ರತಿ ವರ್ಷವೂ ಗೊತ್ತಾದ ತಿಂಗಳಲ್ಲಿ ಒಂದು ಬರ ಬರುತ್ತಿತ್ತು, ಅದೂ ನೀರಿನ ರೂಪದಲ್ಲಿ.

ಇಂಥ ಊರನ್ನು ನಡೆಸುವುದಕ್ಕೆ ಸರಕಾರ ಒಬ್ಬ ಸುಪರಿಂಟೆಂಡೆಂಟನನ್ನು ಇಟ್ಟಿತು. ಆ ಹುದ್ದೆಯಲ್ಲಿದ್ದವರು ಬಹುಮಟ್ಟಿಗೆ ದಂಡಿನ ವೈದ್ಯರು. ರೋಗಿಯ ನಾಡಿಯನ್ನೂ ಪೇಟೆಯ ನಾಡಿಯನ್ನೂ ಒಬ್ಬನೇ ಹಿಡಿಯುವ ಏರ್ಪಾಡು. ದಾರಿ, ಚರಂಡಿ, ಜಾಗದ ಹಂಚಿಕೆ, ಬಜಾರಿನ ಶಿಸ್ತು ಎಲ್ಲ ಅವನವೇ. ನಮ್ಮ ಪೇಟೆಗಳಲ್ಲಿ ಶೇಟೆ ಮಹಾಜನರು ಮಾಡುತ್ತಿದ್ದದ್ದನ್ನು ಬೆಟ್ಟದ ಮೇಲೆ ಹೊರಗಿನ ಅಧಿಕಾರಿಯೊಬ್ಬ ಮಾಡಿದನು. ಅದರಿಂದ ಊರು ಚೊಕ್ಕಟವಾಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೇಟೆಯಲ್ಲಿ ಕೂತವನ ಮಾತು ಪೇಟೆಯ ಲೆಕ್ಕದಲ್ಲಿ ಬರುವುದು ಅಲ್ಲಿಗೆ ನಿಂತಿತು.

ಎಲ್ಲಕ್ಕಿಂತ ಕಠಿಣವಾದದ್ದು ಊಟದ ಪ್ರಶ್ನೆ. ಧಾನ್ಯ ವಾಯಿ, ಸಾತಾರೆಗಳಿಂದ ಏರಿ ಬರಬೇಕು. ಹೇರು ಹೊತ್ತ ಎತ್ತು ಘಾಟು ಹತ್ತಿದಷ್ಟೂ ದರವೂ ಹತ್ತುತ್ತದೆ. ತರಕಾರಿಯಂತೂ ಏರುವಷ್ಟರಲ್ಲೇ ಬಾಡುತ್ತದೆ. ಇದಕ್ಕೆ ಉತ್ತರ ಬಂದದ್ದು ಯಾರೂ ಎಣಿಸದ ಕಡೆಯಿಂದ. 1830ರ ದಶಕದಲ್ಲಿ ಸರಕಾರ ಬೆಟ್ಟದ ಮೇಲೆ ಒಂದು ತುರಂಗ ಕಟ್ಟಿಸಿ, ಮಲಾಯ ಜಲಸಂಧಿಯ ವಸಾಹತುಗಳಲ್ಲಿ ಶಿಕ್ಷೆಗೊಳಗಾದ ಚೀನೀಯರನ್ನೂ ಮಲಾಯಿಯವರನ್ನೂ ತಂದು ಇರಿಸಿತು. ನೂರಕ್ಕೂ ಮಿಕ್ಕಿದ ಜನ. ಹಗಲು ದಾರಿಯ ಕೆಲಸ, ತೋಟದ ಕೆಲಸ. ಅದರ ನಡುವೆ ಬೆತ್ತದ ಬುಟ್ಟಿ ಹೆಣೆಯುವುದು. ಸಮುದ್ರದ ಆಚೆ ಹುಟ್ಟಿದ ಆ ಜನರಿಗೆ ಇಳಿಜಾರಿನ ನೆಲವನ್ನು ಪಾವಟಿಗೆ ಮಾಡಿ, ನೀರನ್ನು ಮಡಿಯಿಂದ ಮಡಿಗೆ ಇಳಿಸಿ ತರಕಾರಿ ಬೆಳೆಯುವ ಕೈಗುಣ ಇತ್ತು. ಕೆಮ್ಮಣ್ಣಿನಲ್ಲಿ ಬಟಾಟೆ ಹಿಡಿಯಿತು, ಯುರೋಪಿನ ತರಕಾರಿಗಳು ಬೇರೂರಿದವು, ಅರಾರೂಟಿನ ಹಿಟ್ಟು ಸಿದ್ಧವಾಯಿತು. ಸಾಹೇಬರ ಮೇಜು ತುಂಬಿತು. ಕೆಲವೇ ವರ್ಷಗಳಲ್ಲಿ ಬೆಟ್ಟದ ಬಟಾಟೆ ಗೋಣಿ ತುಂಬಿಕೊಂಡು ಪುಣೆ, ಮುಂಬಯಿಗಳಿಗೆ ಇಳಿಯತೊಡಗಿತು. ಮೊದಲ ಸಲ ಬೆಟ್ಟದಿಂದ ಕೆಳಕ್ಕೆ ಒಂದು ಸರಕು ಹೋಯಿತು! ಅಲ್ಲಿಯವರೆಗೆ ಆ ಪೇಟೆ ಕೊಳ್ಳುತ್ತಿತ್ತಷ್ಟೇ, ಈಗ ಮಾರಿತು.

ಆ ಬಂದಿಗಳ ಹೆಸರುಗಳು ಬೆಟ್ಟದ ಯಾವ ನೋಟದ ತುದಿಗೂ ಇಲ್ಲ. ಲಾಡ್ವಿಕನ ಹೆಸರಿನ ತುದಿ ಇದೆ, ಗವರ್ನರುಗಳ ಹೆಸರಿನ ತುದಿಗಳಿವೆ. ಬಟಾಟೆಯ ಮಡಿಗೆ ಮೊದಲ ನೀರು ಹಾಯಿಸಿದವನ ಹೆಸರನ್ನು ಬರೆದುಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ. ಇನ್ನು ಧಾವಡರ ಮಾತು. ತಲೆಮಾರುಗಳಿಂದ ಇದ್ದಿಲು ಸುಟ್ಟು, ಕಲ್ಲು ಕರಗಿಸಿ ಕಬ್ಬಿಣ ತೆಗೆದವರು ಅವರು. ಬೆಟ್ಟ ನೋಟದ ಊರಾದ ಮೇಲೆ ಕಾಡಿಗೆ ಬೆಲೆ ಬಂತು, ಕಾಡಿಗೆ ಕಾನೂನು ಬಂತು, ಇದ್ದಿಲು ನಿಂತಿತು. ಕುಲುಮೆಗಳು ಆರಿದವು. ಕಬ್ಬಿಣದ ಒಡೆಯರು ದಿನಗೂಲಿಗಳಾದರು. ಕಾಡು ಉಳಿಯಬೇಕಿತ್ತು, ಹೊಳೆಯ ದಂಡೆಯವನಾದ ನಾನು ಬೇರೆ ಮಾತು ಆಡಲಾರೆ. ಆದರೂ ಆ ಕುಲುಮೆಗಳ ಬೆಲೆಯನ್ನು ತೆತ್ತವರು ಅವರೊಬ್ಬರೇ ಎಂಬುದು ನನ್ನನ್ನು ಚುಚ್ಚುತ್ತದೆ.

1839 ಬಂದಿತು. ದಕ್ಷಿಣ ಮರಾಠಾ ಸೀಮೆಯ ಯಾವ ಬಖರು ಬರೆದರೂ ಆ ವರ್ಷದ ಮೇಲೆ ಲೇಖನಿ ತಡೆಯುತ್ತದೆ. ಪೇಟೆಗೆ ಮಾತು ಕೊಟ್ಟ ಪ್ರತಾಪಸಿಂಹನ ಮೇಲೆ ಒಳಸಂಚಿನ ಆರೋಪ ಹೊರಿಸಿ ಅವನನ್ನು ಗಾದಿಯಿಂದ ಇಳಿಸಿ ಕಾಶಿಗೆ ಕಳಿಸಿದರು. ಅವನ ವಕೀಲ ರಂಗೋ ಬಾಪೂಜಿ ಲಂಡನ್ನಿಗೆ ಹೋಗಿ ವರ್ಷಗಟ್ಟಲೆ ನ್ಯಾಯ ಬೇಡಿದನು, ಸಿಗಲಿಲ್ಲ. ರಾಜನು 1847ರಲ್ಲಿ ಕಾಶಿಯಲ್ಲೇ ತೀರಿಕೊಂಡನು. ಅದೇ 1839ರಲ್ಲಿ ನಿಪ್ಪಾಣಿಯ ಸಿದ್ದೋಜಿರಾವನು ವಾರಸುದಾರನಿಲ್ಲದೆ ಕಣ್ಣು ಮುಚ್ಚಿದನು. ನಿಪ್ಪಾಣಿ ಖಾಲಸಾ ಆಯಿತು, ಅದರೊಡನೆ ಅಥಣಿಯೂ ಕಂಪನಿಗೆ ಸೇರಿತು. ಎರಡು ವರ್ಷದ ಮೇಲೆ, 1841ರಲ್ಲಿ, ಅರಬ್ ಸಿಪಾಯಿಗಳು ನಿಪ್ಪಾಣಿಯ ಕೋಟೆಯನ್ನು ಹಿಡಿದು ಬಂಡೆದ್ದರು. ದಂಡು ಬಂದು ಅಡಗಿಸಿತು, ಬಳಿಕ ಕೋಟೆಯನ್ನು ಕೆಡವಿದರು. ಕಾಗವಾಡದ ಮಗ್ಗುಲ ಶೇಡಬಾಳದ ಪಟವರ್ಧನ ಜಹಗೀರಿಗೂ 1857ರಲ್ಲಿ ಇದೇ ಗತಿಯಾಯಿತು. ರಾಯಬಾಗ ಒಂದೇ ಕೊಲ್ಹಾಪುರದ ಮಹಾಲಾಗಿ, ಸಂಸ್ಥಾನಗಳು ವಿಲೀನವಾಗುವ ದಿನದವರೆಗೆ ಉಳಿದುಕೊಂಡಿತು. ಹೀಗೆ ಬೆಟ್ಟದ ನೆತ್ತಿಯಿಂದ ಹೊಳೆಯ ಬಯಲಿನವರೆಗೆ, ಕೌಲು ಕೊಟ್ಟ ಕೈಗಳು ಒಂದಾದ ಮೇಲೊಂದು ಇಲ್ಲವಾದವು, ಕೌಲು ನಂಬಿ ಬಂದ ಪೇಟೆಗಳು ಉಳಿದವು. ನಿಪ್ಪಾಣಿಯ ಅಡತಿ ಅಂಗಡಿಗಳಲ್ಲಿ ತಂಬಾಕಿನ ತೂಕ ಮತ್ತೆ ಸಾಗಿತು.

ಪ್ರತಾಪಸಿಂಹನ ಬಳಿಕ ಸಾತಾರೆಯ ಗಾದಿಗೆ ಬಂದ ಅವನ ತಮ್ಮ ಶಹಾಜಿ ಬೆಟ್ಟದ ಮೇಲೆ ಒಂದು ದೊಡ್ಡ ಕೆಲಸ ಮಾಡಿದನು. ಜನ ಅವನನ್ನು ಅಪ್ಪಾಸಾಹೇಬ ಎನ್ನುತ್ತಿದ್ದರು. ಅಷ್ಟು ಮಳೆ ಬೀಳುವ ಊರಿನಲ್ಲಿ ಬೇಸಗೆಗೆ ನೀರಿಲ್ಲದ ವಿಚಿತ್ರವಿತ್ತು. ಸುಗ್ಗಿ ಕೂಡಿಬರುವುದೇ ಒರತೆಗಳು ಸಣ್ಣಗಾಗುವ ತಿಂಗಳಲ್ಲಿ. 1842ರಲ್ಲಿ ಅವನು ವೇಣ್ಣಾ ನದಿಯ ಎಳೆಯ ಹರಿವಿಗೆ ಒಡ್ಡು ಹಾಕಿಸಿ, 28 ಎಕರೆಯಷ್ಟು ಹರಹಿನ ಕೆರೆ ಕಟ್ಟಿಸಿದನು. ಪೇಟೆಗೆ ಕುಡಿಯಲು, ಕೆಳಗಿನ ತೋಟಗಳಿಗೆ ಹಾಯಿಸಲು. ಈಗ ದೋಣಿಯಲ್ಲಿ ಕೂತು ನಗುವ ಜನರಿಗೆ ಅದು ವಿಹಾರದ ಕೆರೆ; ಕಟ್ಟಿಸಿದವನಿಗೆ ಅದು ಪೇಟೆಯ ಪ್ರಾಣ. ಅವನೂ 1848ರಲ್ಲಿ ತೀರಿಕೊಂಡನು. ದತ್ತಕವನ್ನು ಗವರ್ನರ್ ಜನರಲ್ ಡಾಲ್ಹೌಸಿ ಒಪ್ಪಲಿಲ್ಲ. ಸಾತಾರೆ ಮುಗಿಯಿತು. ರಾಜನ ನೆಲ, ರಾಜನ ದಾರಿ, ರಾಜನ ಕೆರೆ ಎಲ್ಲವೂ ಸರಕಾರದ್ದಾದವು.

1864ರಲ್ಲಿ ತುರಂಗವನ್ನು ಮುಚ್ಚಿದರು. ತೋಟಗಳನ್ನು ಮುಚ್ಚಲಾಗಲಿಲ್ಲ. ಬಂದಿಗಳ ಮಗ್ಗುಲಲ್ಲಿ ಕೆಲಸ ಕಲಿತಿದ್ದ ಸ್ಥಳದ ಕುಣಬಿಗಳು ಆ ಮಡಿಗಳನ್ನು ಹಿಡಿದುಕೊಂಡರು, ಬಟಾಟೆ ಅವರದಾಯಿತು. ಅದೇ ಕಾಲಕ್ಕೆ ಲಿಂಗಮಳಾದಲ್ಲಿ ಸರಕಾರ ತಾನೇ ನಿಂತು ಸಿಂಕೋನಾ ತೋಟ ಹಾಕಿತು. ಗಿಡಗಳು ಸೊರಗಿದವು, ಕೆಲವು ವರ್ಷಗಳಲ್ಲಿ ಕೈಬಿಡಬೇಕಾಯಿತು. ಅಧಿಕಾರಿಗಳ ಲೆಕ್ಕದ ಬೆಳೆ ಸತ್ತು, ಬಂದಿಗಳ ಕೈಬೆಳೆ ಉಳಿದದ್ದನ್ನು ಬೆಟ್ಟದ ಮಣ್ಣೇ ತೀರ್ಮಾನಿಸಿತು. 1860ರ ದಶಕದಲ್ಲೇ ಪುರಸಭೆ ಬಂತು. 1876ರಲ್ಲಿ ಫಿಟ್ಜೆರಾಲ್ಡ್ ಘಾಟಿನ ಹೊಸ ದಾರಿ ಮುಗಿದು, ಪಾಲಖಿ ಏರುತ್ತಿದ್ದಲ್ಲಿ ಗಾಡಿ ಏರಿತು. ಇನ್ನು ಹತ್ತು–ಹದಿನೈದು ವರ್ಷಕ್ಕೆ ಪುಣೆಯಿಂದ ತೆಂಕಣಕ್ಕೆ ಉಗಿಬಂಡಿಯ ಹಳಿ ಇಳಿಯಿತು. ಬೆಟ್ಟಕ್ಕೆ ಹೋಗುವವರು ವಾಠಾರ ನಿಲ್ದಾಣದಲ್ಲಿ ಇಳಿದು ಟಾಂಗಾ ಹಿಡಿಯುತ್ತಿದ್ದರು. ಹಳಿ ಅಲ್ಲಿಗೆ ನಿಲ್ಲದೆ ಮಿರಜೆ ದಾಟಿ, ಶೇಡಬಾಳ ಕಳೆದು, ಕುಡಚಿಯ ಸೇತುವೆಯ ಮೇಲೆ ಕೃಷ್ಣೆಯನ್ನು ಹಾಯ್ದು ರಾಯಬಾಗಕ್ಕೆ, ಚಿಕ್ಕೋಡಿ ರೋಡಿಗೆ ಬಂತು. ಹೊಳೆ ಬಳಸಿ ಬಳಸಿ ತರುತ್ತಿದ್ದ ಸಂಬಂಧವನ್ನು ಕಬ್ಬಿಣ ನೇರ ಮಾಡಿತು.

ಮೇ ಕೊನೆಗೆ ಮಾಲ್ಕಂಪೇಟೆಯ ಬಂಗಲೆಗಳಿಗೆ ಹುಲ್ಲು ಹೊದಿಸುವ ಕೆಲಸ ಶುರುವಾಗುತ್ತಿತ್ತು. ಕಡೆಯ ಟಾಂಗಾಗಳು ಇಳಿಯುತ್ತಿದ್ದವು. ವಾಣಿ ಬಾಕಿ ಉದ್ರಿಯನ್ನು ವಹಿಗೆ ಏರಿಸಿ, ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಕೂರಿಸಿ ಬೀಗ ಹಾಕುತ್ತಿದ್ದನು. ಹಮಾಲರು ಕೂಲಿಯ ಚಿಲ್ಲರೆ ಕಟ್ಟಿಕೊಂಡು ತಮ್ಮ ತಮ್ಮ ಕಣಿವೆಗಳಿಗೆ ಮರಳುತ್ತಿದ್ದರು. ಬೆಟ್ಟದ ಮೇಲೆ ಮಂಜು ಮುಚ್ಚಿ, ಯಾರೂ ಇಲ್ಲದ ಆ ಬೀದಿಗಳ ಮೇಲೆ ಮಳೆ ಹಿಡಿಯುತ್ತಿತ್ತು. ಧಾವಡರ ತಣ್ಣಗಾದ ಕುಲುಮೆಗಳ ಮೇಲೆ, ತುರಂಗದ ಗೋಡೆಗಳ ಮೇಲೆ, ಬಟಾಟೆಯ ಮಡಿಗಳ ಮೇಲೆ ಹರಿದ ನೀರು ಕೆಂಪು ಮಣ್ಣನ್ನು ಕಲಸಿಕೊಂಡು, ವಾಯಿ ಕಳೆದು, ಕರಾಡದಲ್ಲಿ ಕೊಯ್ನೆಯನ್ನು ಕೂಡಿಕೊಂಡು, ನರಸೋಬನ ವಾಡಿಯಲ್ಲಿ ಪಂಚಗಂಗೆಯನ್ನು ಸೇರಿಸಿಕೊಂಡು ನಮ್ಮ ಸೀಮೆಗೆ ಇಳಿಯುತ್ತಿತ್ತು. ಯಡೂರಿನ ವೀರಭದ್ರನ ಗುಡಿಯ ಮುಂದೆ ನಸುಕಿನಲ್ಲಿ ನೀರಿಗೆ ಬಂದವರು ಕೊಡ ಕೆಳಗಿಟ್ಟು, ನಿನ್ನೆ ಕಂಡ ಮೆಟ್ಟಿಲು ಇಂದು ಕಾಣದ್ದನ್ನು ನೋಡಿ, ಓಣಿಯ ಕಡೆ ಕೂಗಿ ಹೇಳುತ್ತಿದ್ದರು: “ಹೊಳಿ ಬಂತು.”